ದೋಣಿ ಹತ್ತುವ ಮೊದಲೇ ದ್ವೀಪ ಕಾಯಬೇಕು

ಆಕ್ಲೆಂಡಿನಿಂದ ಉತ್ತರಕ್ಕೆ 30 ಕಿಲೋಮೀಟರ್ ದೂರದಲ್ಲಿ ಟಿರಿಟಿರಿ ಮಟಾಂಗಿ ಅಂತ ಒಂದು ಪುಟ್ಟ ದ್ವೀಪವಿದೆ. ಬರೀ 220 ಹೆಕ್ಟೇರ್. ಇಲ್ಲಿನವರ ಬಾಯಲ್ಲಿ ಅದು 'ಟಿರಿ'. ರಜಾ ದಿನಗಳಲ್ಲಿ ನಾನು ಅಲ್ಲಿ ಸ್ವಯಂಸೇವಕ ಗೈಡ್. ಬಂದವರನ್ನು ಜೆಟ್ಟಿಯಿಂದ ದೀಪಸ್ತಂಭದವರೆಗೆ ಕಾಡಿನ ದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ. ಆದರೆ ಆ ದ್ವೀಪಕ್ಕಾಗಿ ನಾನು ಮಾಡುವ ಕೆಲಸದಲ್ಲಿ ಜಾಸ್ತಿ ಪಾಲು ನಡೆಯುವುದು ಈಚೆ ದಡದಲ್ಲೇ, ನಮ್ಮ ಮನೆಯ ಹಿತ್ತಲಲ್ಲಿ.

ಮನುಷ್ಯ ಬರುವ ಮುಂಚೆ ನ್ಯೂಜಿಲೆಂಡಿನ ಕಾಡುಗಳಲ್ಲಿ ಬಾವಲಿ ಬಿಟ್ಟರೆ ಬೇರೆ ಸಸ್ತನಿ ಇರಲಿಲ್ಲ. ಹಾಗಾಗಿ ಇಲಿಯಿಂದ ತಪ್ಪಿಸಿಕೊಳ್ಳುವುದು ಇಲ್ಲಿನ ಹಕ್ಕಿಗಳಿಗೆ ಗೊತ್ತೇ ಇಲ್ಲ. ನ್ಯೂಜಿಲೆಂಡಿನ ಉತ್ತರ ಭಾಗದ ಟಿಯೆಕೆ ಎಂಬ ಹಕ್ಕಿ ಒಂದು ಕಾಲಕ್ಕೆ ಹೆನ್ ಎಂಬ ಒಂದೇ ದ್ವೀಪದಲ್ಲಿ ಉಳಿದಿತ್ತು. ಟಿರಿಯೂ 1971ರವರೆಗೆ ದನ ಕುರಿ ಮೇಯುವ ಜಾಗ, ಬಹುಪಾಲು ಬೋಳು ಹುಲ್ಲುಗಾವಲು. 1984ರಿಂದ 1994ರ ನಡುವೆ ಸ್ವಯಂಸೇವಕರು ಬಂದು ಬಂದು 2.5 ಲಕ್ಷಕ್ಕೂ ಹೆಚ್ಚು ಗಿಡ ನೆಟ್ಟರು. 1993ರಲ್ಲಿ ಕಿಯೊರೆ ಎಂಬ ಜಾತಿಯ ಇಲಿಗಳನ್ನು ಪೂರ್ತಿ ತೆಗೆದರು. ಈಗ ಟಿಯೆಕೆ, ಹಿಹಿ, ಟಕಹೆ, ಕೊಕಾಕೊ ಅನ್ನುವ ಅಪರೂಪದ ಹಕ್ಕಿಗಳೆಲ್ಲ ಅಲ್ಲಿ ಮರಿ ಮಾಡುತ್ತಿವೆ.

ಇಷ್ಟೆಲ್ಲ ಹಾಳಾಗಲು ಒಂದು ಬಸುರಿ ಇಲಿ ಸಾಕು. 2004ರಲ್ಲಿ ಆಕ್ಲೆಂಡ್ ವಿಶ್ವವಿದ್ಯಾಲಯದವರು ಪ್ರಯೋಗಕ್ಕೆಂದು ರೇಡಿಯೋ ಪಟ್ಟಿ ಕಟ್ಟಿದ ಒಂದು ಗಂಡು ಇಲಿಯನ್ನು ಇಲಿಯೇ ಇಲ್ಲದ ದ್ವೀಪದಲ್ಲಿ ಬಿಟ್ಟರು. ಅದು 400 ಮೀಟರ್ ಸಮುದ್ರ ಈಜಿ ಪಕ್ಕದ ದ್ವೀಪ ಸೇರಿತು. ಹಿಡಿಯಲು 18 ವಾರ ಬೇಕಾಯಿತು!

ಅದಕ್ಕೇ ದೋಣಿ ಹತ್ತುವಾಗ ಅಷ್ಟು ಬಿಗಿ. ಬೂಟಿನ ಅಡಿ ಬ್ರಷ್ಷಿನಲ್ಲಿ ಉಜ್ಜಬೇಕು. ಬಾಯಿ ತೆರೆದ ಕೈಚೀಲ ನಡೆಯುವುದಿಲ್ಲ. ಬುತ್ತಿ ಬಿಗಿ ಮುಚ್ಚಳದ ಡಬ್ಬಿಯಲ್ಲಿರಬೇಕು. ನಮ್ಮವರು ಬರುತ್ತೇವೆ ಅಂದಾಗ ನಾನು ಇನ್ನೊಂದು ಮಾತು ಸೇರಿಸುತ್ತೇನೆ: ಗ್ಯಾರೇಜಿನಲ್ಲಿ ಬಿದ್ದಿದ್ದ ಬ್ಯಾಗನ್ನು ಹಾಗೇ ತರಬೇಡಿ, ಪೂರ್ತಿ ಕೊಡವಿ, ಬೆಳಿಗ್ಗೆ ಹೊಸದಾಗಿ ತುಂಬಿ. ಇದು ಅತಿಯಾಯಿತು ಅನ್ನುವವರಿಗೆ ಅರ್ಜೆಂಟೀನಾ ಇರುವೆಯ ಕಥೆ ಹೇಳುತ್ತೇನೆ. ಎರಡು ಮೂರು ಮಿಲಿಮೀಟರ್ ಉದ್ದದ ಇರುವೆ. ಅದರ ರಾಣಿ ಹಾರಿ ಹೋಗಿ ಗೂಡು ಕಟ್ಟುವುದಿಲ್ಲ, ಜನರ ಸಾಮಾನಿನ ಜೊತೆ ದೂರ ಹೋಗುತ್ತದೆ. 2000ರಲ್ಲಿ ಟಿರಿಯಲ್ಲಿ ಕಾಣಿಸಿಕೊಂಡಿತು. ಬೇರು ಸಮೇತ ತೆಗೆಯಲು ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಇನ್ನು ಹಿತ್ತಲಿನ ಕೆಲಸ. ಬ್ಯಾಗಿನಲ್ಲಿ ಅಡಗಿ ದ್ವೀಪ ಸೇರಬಹುದಾದ ಇಲಿ ಹೊರಡುವುದು ನಮ್ಮ ಮನೆಗಳಿಂದಲೇ ಅಲ್ವಾ? ಇಲಿ ಇದೆಯೋ ಇಲ್ಲವೋ ತಿಳಿಯಲು ನಾವು ಇಡುವುದು ಕಪ್ಪು ಪ್ಲಾಸ್ಟಿಕ್ಕಿನ ಒಂದು ಸುರಂಗ. ಒಳಗೆ ಉದ್ದನೆಯ ಬಿಳಿ ಕಾರ್ಡು, ಅದರ ನಡುವೆ ಶಾಯಿ, ಶಾಯಿಯ ಮೇಲೆ ಚಿಟಿಕೆಯಷ್ಟು ಪೀನಟ್ ಬಟರ್. ತಿನ್ನಲು ಬಂದ ಪ್ರಾಣಿ ಶಾಯಿ ತುಳಿದು ಹೆಜ್ಜೆ ಮೂಡಿಸಿ ಹೋಗುತ್ತದೆ. ಮುಂಗಾಲಿನಲ್ಲಿ ನಾಲ್ಕು ಬೆರಳು, ಹಿಂಗಾಲಿನಲ್ಲಿ ಐದು ಇದ್ದರೆ ದೊಡ್ಡ ಇಲಿ ಅಥವಾ ಪುಟ್ಟ ಮನೆಯಿಲಿ (ಮೌಸ್), ಯಾವುದು ಅಂತ ಅಳತೆಯಿಂದ ತಿಳಿಯುತ್ತದೆ. ಬರೀ ಸಣ್ಣ ಚುಕ್ಕಿಗಳಾದರೆ ವೇಟಾ, ಅಂದರೆ ಈ ನಾಡಿನದೇ ಆದ ಮಿಡತೆಯಂಥ ಹುಳು. ಆ ಚುಕ್ಕಿ ಕಂಡ ದಿನ ನನಗೆ ತುಂಬಾ ಖುಷಿ. ಇಲಿ ಹೆಜ್ಜೆ ಕಂಡರೆ ಮಾತ್ರ ಮರದ ಪೆಟ್ಟಿಗೆಯೊಳಗೆ ಬೋನು ಇಡುತ್ತೇನೆ. ಪೆಟ್ಟಿಗೆ ಯಾಕೆಂದರೆ ಹಕ್ಕಿ, ಬೆಕ್ಕು ಸಿಕ್ಕಿಕೊಳ್ಳಬಾರದು.

ನನಗೆ ಇಲಿಗಿಂತ ಜಾಸ್ತಿ ಚಿಂತೆ ಮಾತ್ ಪ್ಲಾಂಟ್ ಎಂಬ ಕಳೆ ಬಳ್ಳಿಯದು. ಕಾಯಿ ನೋಡಿದರೆ ಥೇಟ್ ಸೀಮೆ ಬದನೆ. ಚೆಂದ ಇದೆ ಅಂತ ಬೇಲಿಯ ಮೇಲೆ ಸುಮ್ನೆ ಬಿಟ್ಟಿರುತ್ತಾರೆ. ಇದು ನಮ್ಮ ಎಕ್ಕದ ಕುಟುಂಬದ್ದೇ ಬಳ್ಳಿ. ಮುರಿದರೆ ಬಿಳಿ ಹಾಲು, ಕಾಯಿ ಒಡೆದರೆ ನೂರಾರು ಬೀಜ, ಒಂದೊಂದಕ್ಕೂ ರೇಷ್ಮೆಯಂಥ ಕುಚ್ಚು. ಗಾಳಿ ಬೀಸಿದರೆ ಸಮುದ್ರ ದಾಟುತ್ತದೆ. ಟಿರಿಯ ಬಂಡೆಗಳ ಅಂಚಿನಲ್ಲಿ ಹಗ್ಗ ಕಟ್ಟಿಕೊಂಡು ಇಳಿದು ಇದನ್ನು ಕೀಳುವವರಿದ್ದಾರೆ. ಇಲ್ಲಿ ನನ್ನ ಬೇಲಿಯಲ್ಲಿ ಕೀಳಲು ಒಂದು ಜೊತೆ ಕೈಗವಸು ಸಾಕು, ಅಲ್ವಾ?

ಎಳೆ ಬಳ್ಳಿಯನ್ನು ಬೇರು ಸಮೇತ ಕೀಳಿ. ದಪ್ಪಗಾಗಿದ್ದರೆ ಬುಡಕ್ಕೆ ಕತ್ತರಿಸಿ ಕೂಡಲೇ ಕಳೆನಾಶಕದ ಜೆಲ್ ಹಚ್ಚಿ, ಇಲ್ಲದಿದ್ದರೆ ಮತ್ತೆ ಚಿಗುರುತ್ತದೆ. ಹಾಲು ಚರ್ಮಕ್ಕೆ ತಾಗಿದರೆ ಉರಿ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಕಾಯಿಗಳನ್ನು ಮಾತ್ರ ಗೊಬ್ಬರದ ಗುಂಡಿಗೆ ಹಾಕಬೇಡಿ. ಒಡೆಯುವ ಮೊದಲೇ ಚೀಲಕ್ಕೆ ತುಂಬಿ, ಬಿಗಿಯಾಗಿ ಕಟ್ಟಿ, ಕಸದ ಡಬ್ಬಿಗೆ ಹಾಕಿ. ಆಕ್ಲೆಂಡಿನಲ್ಲಿರುವ ಕನ್ನಡದವರು ಯಾರಾದರೂ ಬೇಲಿಯಲ್ಲಿ ಇದನ್ನು ಕಂಡರೆ ಕರೆಯಿರಿ, ಶನಿವಾರ ಬೆಳಿಗ್ಗೆ ಬಂದು ಜೊತೆಗೆ ಕೀಳುತ್ತೇನೆ.