₹18,500ಕ್ಕೆ ಇಡೀ ಖಾತೆ ಬಂದ್

"ವಕೀಲ್ರ, ನಾ ಏನ್ ತಪ್ಪು ಮಾಡೀನ್ರಿ? ಸೀರಿ ಮಾರೀನಿ, ರೊಕ್ಕ ತಗೊಂಡೀನಿ." ಇಳಕಲ್‌ನ ಸೀರೆ ಅಂಗಡಿಯ ಅಕ್ಕ ಬಾಗಲಕೋಟೆಯ ನನ್ನ ಆಫೀಸಿನಲ್ಲಿ ಕೂತು ಕೇಳಿದ ಮೊದಲ ಮಾತು ಇದು.

ನಡೆದದ್ದಿಷ್ಟು. ಗಿರಾಕಿಯೊಬ್ಬ ಫೋನಿನಲ್ಲೇ ಟೋಪ್ ತೆನಿ ಸೆರಗಿನ ಸೀರೆಗಳನ್ನು ಆರಿಸಿ ₹18,500 ಹಾಕಿದ, ಇವರು ಪಾರ್ಸೆಲ್ ಕಳಿಸಿದರು. ಆ ದುಡ್ಡು ಬೇರೆ ಜಿಲ್ಲೆಯ ನಿವೃತ್ತರೊಬ್ಬರಿಂದ ಸೈಬರ್ ವಂಚಕರು ಎಳೆದದ್ದು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಹೋಗಿ, ಪೊಲೀಸರು ಜಾಡು ಹಿಡಿದು ಈ ಖಾತೆಯನ್ನೂ ಫ್ರೀಜ್ ಮಾಡಿಸಿದ್ದರು. ಒಳಗಿದ್ದ ₹2,60,000 ಪೂರ್ತಿ ಸಿಕ್ಕಿಬಿತ್ತು. ಮಗ್ಗದವರ ಕೂಲಿಯೂ ಅದರಲ್ಲೇ ಇತ್ತು.

ಬ್ಯಾಂಕ್ ಖಾತೆಯೂ ಜಪ್ತಿಗೆ ಒಳಪಡುವ ಆಸ್ತಿಯೇ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಹಾಗಾಗಿ ಪೊಲೀಸರಿಗೆ ಅಧಿಕಾರವೇ ಇಲ್ಲ ಎಂದು ವಾದಿಸಲು ನಾನು ಹೋಗಲಿಲ್ಲ. ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಕ್ರಿಮಿನಲ್ ಪ್ರಕ್ರಿಯೆ ಕಾಯ್ದೆ ಬಿಎನ್‌ಎಸ್‌ಎಸ್‌ನ 106ನೇ ಕಲಂ ಪ್ರಕಾರ ಜಪ್ತಿಯನ್ನು ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಇಲ್ಲಿ ಎಷ್ಟೋ ದಿನ ಮಾಡಿರಲಿಲ್ಲ. ಮೊದಲಾಗಿದ್ದರೆ ಇಡೀ ಅರ್ಜಿಯನ್ನು ಅದರ ಮೇಲೆಯೇ ನಿಲ್ಲಿಸುತ್ತಿದ್ದೆ. ಆದರೆ ವರದಿ ತಡವಾದ ಮಾತ್ರಕ್ಕೆ ಜಪ್ತಿ ಬಿದ್ದುಹೋಗುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ತಡವನ್ನು ಒಂದು ಪ್ಯಾರಾದಲ್ಲಿ ಮುಗಿಸಿ, ಉಳಿದ ಬಲವನ್ನೆಲ್ಲ ಲೆಕ್ಕದ ಮೇಲೆ ಹಾಕಿದೆ.

ಅಕ್ಕನನ್ನು ಪಕ್ಕದಲ್ಲೇ ಕೂರಿಸಿಕೊಂಡು ಆರು ತಿಂಗಳ ಸ್ಟೇಟ್‌ಮೆಂಟ್ ಸಾಲು ಸಾಲಾಗಿ ಓದಿದೆವು. ಪ್ರತಿ ಜಮೆಯ ಎದುರು ಬಿಲ್ ನಂಬರು ಬರೆದೆ. ಆ ₹18,500ರ ಸಾಲಿಗೆ ಮಾತ್ರ ಹಳದಿ ಬಣ್ಣ ಬಳಿದು, ಬಿಲ್ಲು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಆರ್ಡರು, ಕೊರಿಯರ್ ರಸೀದಿ ಮೂರನ್ನೂ ಹಚ್ಚಿದೆ. ಮಗ್ಗದವರ ಕೂಲಿ ಪುಸ್ತಕದ ಜೆರಾಕ್ಸನ್ನೂ ಇಟ್ಟೆ. ಎಣ್ಣೆಗೈ ಹತ್ತಿ ಅಂಚು ಕಪ್ಪಾದ ಪುಸ್ತಕ ಅದು. ಕೇಸು ದಾಖಲಾದ ಊರಿನ ಮ್ಯಾಜಿಸ್ಟ್ರೇಟರ ಮುಂದೆ ಅದೇ ಕಾಯ್ದೆಯ 503ನೇ ಕಲಂ ಅಡಿ ಅರ್ಜಿ ಹಾಕಿ, ಕೇಳಿದ್ದು ಇಷ್ಟೇ: ಅನುಮಾನದ ಮೊತ್ತ ತಡೆಯಲ್ಲಿರಲಿ, ಉಳಿದದ್ದು ಬಿಡಿ.

ಸರ್ಕಾರದ ಪರ ವಾದಿಸುವ ಎಪಿಪಿಯವರು ತನಿಖೆ ನಡೆಯುತ್ತಿದೆ ಎಂದು ತಕರಾರು ಹಾಕಿದರು. ಅವರದೂ ತಪ್ಪಲ್ಲ. ದುಡ್ಡು ಕಳೆದುಕೊಂಡ ಹಿರಿಯರು ಅವತ್ತು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರ ಮುಖ ನೋಡಿದ ಮೇಲೆ, ₹18,500 ಕೂಡ ಬಿಡಿಸಿಕೊಡಿ ಎಂದು ಬಾಯಿಬಿಟ್ಟು ಕೇಳಲು ನನಗಾಗಲಿಲ್ಲ. ಆ ಮೊತ್ತದ ಹಕ್ಕು ಯಾರದು ಎಂಬುದಕ್ಕೆ 107ನೇ ಕಲಂ ಇದೆ: ಎಸ್‌ಪಿ ಅನುಮತಿ ಪಡೆದು ತನಿಖಾಧಿಕಾರಿ ಕೋರ್ಟಿಗೆ ಹೋಗಬೇಕು, ಕೋರ್ಟು 14 ದಿನದ ನೋಟಿಸ್ ಕೊಟ್ಟು ಎಲ್ಲರ ಮಾತು ಕೇಳಬೇಕು. ಅಪರಾಧದ ಹಣವೆಂದು ಕಂಡರೆ ಜಿಲ್ಲಾಧಿಕಾರಿ ಮೂಲಕ 60 ದಿನದೊಳಗೆ ನೊಂದವರಿಗೆ ಹಂಚಿಕೆ. ಮಾಲು ಕೊಟ್ಟು ದುಡ್ಡು ಪಡೆದ ವ್ಯಾಪಾರಿ ತನ್ನ ಮಾತು ಹೇಳಬೇಕಾದ ಜಾಗವೂ ಅದೇ.

ಬಾಂಡ್ ಬರೆಸಿಕೊಂಡು ಕೋರ್ಟು ₹18,500 ಬಿಟ್ಟು ಉಳಿದದ್ದನ್ನು ತೆರವು ಮಾಡಿತು. ಆದೇಶದಲ್ಲಿ ಖಾತೆ ನಂಬರು, ತಡೆಯಬೇಕಾದ ಮೊತ್ತ ಎರಡೂ ಅಂಕಿಯಲ್ಲೇ ಬರುವಂತೆ ಅರ್ಜಿಯ ಕೋರಿಕೆಯಲ್ಲೇ ಬರೆದಿದ್ದೆ. ಆದರೂ ಬ್ಯಾಂಕಿನವರು ಪೊಲೀಸರ ಇಮೇಲ್ ಬರಲಿ ಎಂದರು. ದೃಢೀಕೃತ ನಕಲು ಹಿಡಿದು ಠಾಣೆಗೂ ಬ್ಯಾಂಕಿಗೂ ಮೂರು ದಿನ ಓಡಾಡಿದೆ.

ನಾಲ್ಕನೇ ದಿನ ಅಕ್ಕನ ಫೋನು. "ಬಿಚ್ಚಿದ್ರು ನೋಡ್ರಿ. ಮೊದಲ ಮಗ್ಗದವ್ರಿಗೆ ಹಾಕೀನಿ."