ಅಜ್ಜನ ಕಾಲದ ಕೋವಿ: ಉಜ್ಜುವ ಮೊದಲು ಓದಿ

ಮನೆಯಲ್ಲಿ ಹಳೇ ಕೋವಿ ಕೈಗೆ ಸಿಕ್ಕ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸ ಉಪ್ಪುಕಾಗದ ತಂದು ತುಕ್ಕು ತಿಕ್ಕುವುದು. ದಯವಿಟ್ಟು ಬೇಡ. ಅದು ಎಲ್ಲಿಯದು, ಯಾವ ಕಾಲದ್ದು ಅನ್ನುವುದೆಲ್ಲ ಬ್ಯಾರೆಲ್ ಮೇಲೆ ಒತ್ತಿದ ಸಣ್ಣಸಣ್ಣ ಗುರುತುಗಳಲ್ಲಿ ಇರುತ್ತದೆ. ಹಾಗೆ ತಿಕ್ಕಿದ ಒಂದು ಕೋವಿ ನಾನು ನೋಡಿದ್ದೇನೆ. ಕನ್ನಡಿ ಹಾಗೆ ಹೊಳೆಯುತ್ತಿತ್ತು, ಓದಲು ಒಂದಕ್ಷರ ಉಳಿದಿರಲಿಲ್ಲ.

ಮೊದಲು ಅದು ಖಾಲಿ ಇದೆಯಾ ನೋಡಿ. "ಎಷ್ಟೋ ವರ್ಷದಿಂದ ಯಾರೂ ಮುಟ್ಟಿಲ್ಲ" ಅನ್ನುವ ಮಾತನ್ನು ನಂಬಬೇಡಿ. ಮೂತಿಯನ್ನು ಯಾರ ಕಡೆಗೂ ತಿರುಗಿಸದೆ, ಟ್ರಿಗರ್‌ನಿಂದ ಬೆರಳು ದೂರ ಇಟ್ಟುಕೊಂಡು ನೋಡಬೇಕು. ಮಧ್ಯೆ ಮಡಚುವ ತೋಟಾ ಕೋವಿಯಾದರೆ ಸುಲಭ, ತೆರೆದರೆ ಕಾಣುತ್ತದೆ. ಕೈಯಿಂದ ಹಿಂದೆಮುಂದೆ ಎಳೆಯುವ ಪಂಪ್ ಕೋವಿ ಅಥವಾ ತಾನೇ ಮುಂದಿನ ತೋಟಾ ಏರಿಸಿಕೊಳ್ಳುವ ಆಟೋ ಕೋವಿ ಆದರೆ ಬ್ಯಾರೆಲ್ ಕೆಳಗಿನ ಕೊಳವೆಯಲ್ಲೂ ತೋಟಾ ಇರಬಹುದು. ನಿಜವಾದ ಕಷ್ಟ ಮೂತಿಯಿಂದ ಮದ್ದು ತುಂಬಿ, ಹಿಂದೆ ಕೇಪು (ಪೆಟ್ಟು ಬಿದ್ದರೆ ಕಿಡಿ ಹಾರಿಸುವ ಪುಟ್ಟ ಟೊಪ್ಪಿ) ಕೂರಿಸುವ ಕೋವಿಯದ್ದು, ಯಾಕಂದ್ರೆ ಒಳಗೆ ಏನಿದೆ ಅಂತ ಕಾಣುವುದೇ ಇಲ್ಲ. ಮುಖವನ್ನು ಮೂತಿಯ ನೇರಕ್ಕೆ ತರದೆ, ಪಕ್ಕದಿಂದ ತೆಳ್ಳಗಿನ ಮರದ ಕಡ್ಡಿಯೊಂದನ್ನು ಮೆಲ್ಲಗೆ ಒಳಗೆ ಬಿಟ್ಟು ಮೂತಿಯ ಮಟ್ಟಕ್ಕೆ ಗುರುತು ಮಾಡಿ, ಹೊರಗೆ ತೆಗೆದು ಬ್ಯಾರೆಲ್ ಪಕ್ಕ ಇಟ್ಟು ನೋಡಿ. ಕೇಪು ಕೂರಿಸುವ ಜಾಗದ ಹತ್ತಿರದವರೆಗೂ ಹೋಗಿರಬೇಕು. ಎರಡು ಮೂರು ಬೆರಳು ಮೊದಲೇ ನಿಂತರೆ ಒಳಗೆ ಈಡು, ಅಂದರೆ ತುಂಬಿದ ಮದ್ದುಗುಂಡು, ಇದೆ ಅಂತಲೇ ತಿಳಿಯಿರಿ. ಕಪ್ಪು ಮದ್ದು ಒಣಗಿದ್ದರೆ ನೂರು ವರ್ಷ ಕಳೆದರೂ ಹೊತ್ತಿಕೊಳ್ಳುತ್ತದೆ. ಅದನ್ನು ತೆಗೆಯುವ ಸಾಹಸ ಮನೆಯಲ್ಲಿ ಬೇಡ, ಕೋವಿ ರಿಪೇರಿ ಬಲ್ಲವರಿಗೆ ಬಿಡಿ. ಹಾಗೇ ಲೈಸೆನ್ಸ್ ಯಾರ ಹೆಸರಲ್ಲಿದೆ, ವಾರಸುದಾರರಿಗೆ ನಿಮ್ಮಲ್ಲಿನ ಕಾನೂನು ಏನು ಹೇಳುತ್ತದೆ ಅನ್ನುವುದನ್ನೂ ಈಗಲೇ ವಿಚಾರಿಸಿ. ಕೋವಿ ಹೊತ್ತು ಊರೆಲ್ಲ ತಿರುಗಿದ ಮೇಲಲ್ಲ.

ಇನ್ನು ಗುರುತು ಹಿಡಿಯುವ ಕೆಲಸ. ಹೊಡೆದು ಈಡು ಹೊತ್ತಿಸುವ ಹ್ಯಾಮರ್ (ಸುತ್ತಿಗೆಯಂಥ ಭಾಗ) ಹೊರಗೆ ಕಾಣುತ್ತಾ, ಇಲ್ವಾ? ಹ್ಯಾಮರ್ ಒಳಗೇ ಅಡಗಿರುವ 'ಬಾಕ್ಸ್‌ಲಾಕ್' ಅನ್ನುವ ಸರಳ ರಚನೆಯನ್ನು ಬ್ರಿಟನ್ನಿನ ಕೋವಿ ಕಸುಬುದಾರರಾದ ಆನ್ಸನ್ ಮತ್ತು ಡೀಲಿ 1875ರಲ್ಲಿ ಪೇಟೆಂಟ್ ಮಾಡಿದರು. ಹಾಗಾಗಿ ಆ ಬಾಕ್ಸ್‌ಲಾಕ್ ರಚನೆಯ ಕೋವಿ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಆದರೆ ಹ್ಯಾಮರ್ ಇದೆ ಅಂದ ಮಾತ್ರಕ್ಕೆ ಅದಕ್ಕಿಂತ ಹಿಂದಿನದು ಅಂತಲೂ ಅಲ್ಲ, ಆಮೇಲೂ ತುಂಬಾ ವರ್ಷ ಅಂಥವನ್ನು ಮಾಡುತ್ತಿದ್ದರು.

ಮೇಲೆ ದೊಡ್ಡದಾಗಿ ಕೆತ್ತಿದ ಹೆಸರನ್ನು ಜಾಸ್ತಿ ನಂಬಬೇಡಿ. ಹೆಸರಾಂತ ಬ್ರಿಟಿಷ್ ತಯಾರಕರ ಹೆಸರಿನಲ್ಲಿ ಒಂದಕ್ಷರ ಆಚೀಚೆ ಮಾಡಿ ಬೆಲ್ಜಿಯಂನಲ್ಲಿ ಅಗ್ಗದ ಕೋವಿಗಳು ಬೇಕಾದಷ್ಟು ತಯಾರಾಗಿವೆ. ಅಮೆರಿಕದಲ್ಲಿ ಹಾರ್ಡ್‌ವೇರ್ ಅಂಗಡಿಗಳು ಯಾರೋ ಮಾಡಿದ ಕೋವಿಗೆ ತಮ್ಮ ಹೆಸರು ಹಾಕಿಸಿ ಮಾರುತ್ತಿದ್ದವು. ನಿಜ ಹೇಳುವುದು ಬ್ಯಾರೆಲ್ ಕಳಚಿದಾಗ ಅಡಿಯಲ್ಲಿ ಕಾಣುವ ಪರೀಕ್ಷಾ ಮುದ್ರೆಗಳು. ಹೆಚ್ಚು ಮದ್ದು ಹಾಕಿ ಹಾರಿಸಿ, ಬ್ಯಾರೆಲ್ ತಡೆದುಕೊಂಡರೆ ಮುದ್ರೆ ಒತ್ತುವ ಪದ್ಧತಿ ಅದು. ಲಂಡನ್ನಿನಲ್ಲಿ 1637ರಲ್ಲಿ ಸನ್ನದು ಪಡೆದ ಕೋವಿ ತಯಾರಕರ ಸಂಘ ಈ ಕೆಲಸ ಮಾಡುತ್ತಿತ್ತು, ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರದ್ದು. ಕಿರೀಟದ ಕೆಳಗೆ ಅಡ್ಡಡ್ಡ ರಾಜದಂಡಗಳಿದ್ದರೆ ಹಳೆಯ ಬರ್ಮಿಂಗ್‌ಹ್ಯಾಮ್. ಮೊಟ್ಟೆಯಾಕಾರದ ಒಳಗೆ 'ಇಎಲ್‌ಜಿ' ಅಕ್ಷರಗಳಿದ್ದರೆ ಬೆಲ್ಜಿಯಂನ ಲಿಯೇಜ್. 'ನಾಟ್ ಫಾರ್ ಬಾಲ್' ಅಂತ ಇದೆಯಾ? ಮೂತಿ ಕಿರಿದಾಗಿದೆ, ಒಂಟಿ ದಪ್ಪ ಗುಂಡು ಹಾಕಬೇಡಿ ಅಂತ ಅರ್ಥ. ಅದು ಬ್ರಿಟನ್ನಿನ 1875ರಿಂದ 1887ರವರೆಗಿನ ಮುದ್ರೆ, ಅಂದರೆ ಆ ಮೂರು ಪದದಲ್ಲೇ ವಯಸ್ಸು ಸಿಕ್ಕಿತು! ಅಮೆರಿಕದಲ್ಲಿ ಸರ್ಕಾರಿ ಪರೀಕ್ಷಾಲಯ ಇರಲಿಲ್ಲ, ಹಾಗಾಗಿ ಅಲ್ಲಿನ ಕೋವಿಗೆ ಸೀರಿಯಲ್ ನಂಬರೇ ಆಧಾರ. ಮುದ್ರೆ ಮಸುಕಾಗಿದ್ದರೆ ಉಜ್ಜದೆ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ.

ಅಲ್ಲೇ 12 ಅಥವಾ 16 ಅನ್ನುವ ಸಂಖ್ಯೆಯೂ ಇರುತ್ತದೆ. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಗುಂಡು ಮಾಡಿದರೆ ಒಂದೊಂದರ ಅಗಲ ಸುಮಾರು 18.5 ಮಿಲಿಮೀಟರ್, ಅದೇ 12 ಬೋರ್. ಸಂಖ್ಯೆ ದೊಡ್ಡದಾದಷ್ಟೂ ಬ್ಯಾರೆಲ್ ಸಣ್ಣದು. 410 ಮಾತ್ರ ಬೇರೆ, ಅದು ಇಂಚಿನ ಅಳತೆ, ಅಂದರೆ 0.410 ಇಂಚು.

ಬ್ಯಾರೆಲ್ ಮೇಲೆ ಸುರುಳಿಸುರುಳಿ ಚಿತ್ತಾರ ಇದ್ದರೆ ಅದು ಡಮಾಸ್ಕಸ್ ಇರಬಹುದು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿ ಮಾಡಿ, ಸರಳಿಗೆ ಸುತ್ತಿ, ಕಾಯಿಸಿ ಬಡಿದು ಬೆಸೆದ ಬ್ಯಾರೆಲ್. ನೋಡಲು ಬಹಳ ಚೆಂದ. ಆದರೆ ಬೆಸುಗೆಯ ಒಳಗಿನ ತುಕ್ಕು ಹೊರಗೆ ಕಾಣುವುದಿಲ್ಲ, ಈಗಿನ ತೋಟಾ ಹಾಕಿದರೆ ಸಿಡಿಯುವ ಅಪಾಯ ಇದೆ. ಇನ್ನೊಂದು ಮೋಸ ತೋಟಾದ ಉದ್ದದ್ದು. ಹಳೇ 12 ಬೋರ್ ಎಷ್ಟೋ ಕೋವಿಗಳು 65 ಮಿಲಿಮೀಟರ್ ತೋಟಾಕ್ಕೆ ಮಾಡಿದವು. ಈಗಿನ 70ರದ್ದು ಅದರೊಳಗೆ ಸಲೀಸಾಗಿ ಕೂರುತ್ತದೆ, ಯಾಕಂದ್ರೆ ಅದರ ಬಾಯಿ ಮಡಚಿರುತ್ತದೆ. ಹಾರಿಸಿದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಆದ್ದರಿಂದ ತಿಳಿದವರು ಅಳತೆ ಮಾಡಿ ನೋಡುವ ತನಕ ಹಾರಿಸುವ ಯೋಚನೆಯೇ ಬೇಡ.

ಈಗ ಕಾಪಾಡುವ ಮಾತು. ಕೈ ಬೆವರಿನ ಉಪ್ಪು ಸಾಕು ತುಕ್ಕು ಹಿಡಿಯಲು, ಕೈಗವಸು ಹಾಕಿಕೊಳ್ಳಿ. ಕೆಂಪು ತುಕ್ಕಿನ ಮೇಲೆ ತೆಳು ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ಬಟ್ಟೆಯಿಂದ ಒರೆಸಿ. ಹಟ ಹಿಡಿದ ಕಲೆಗೆ ಮಾತ್ರ ಅತಿ ನಯವಾದ ಸ್ಟೀಲ್ ವುಲ್, ಅದೂ ಎಣ್ಣೆ ಜೊತೆ, ಒತ್ತಿ ತಿಕ್ಕದೆ. ಒಂದೇ ಸಮನಾದ ಕಂದು ಬಣ್ಣವನ್ನು ಮುಟ್ಟಬೇಡಿ. ಹಳೇ ಬ್ಯಾರೆಲ್‌ಗಳಿಗೆ ಬೇಕಂತಲೇ ಹದವಾಗಿ ತುಕ್ಕು ಹಿಡಿಸಿ ಆ ಬಣ್ಣ ತರುತ್ತಿದ್ದರು. ಹೊಸದಾಗಿ ಬ್ಲೂಯಿಂಗ್ (ಉಕ್ಕಿಗೆ ಕಡುನೀಲಿ ಬಣ್ಣ ಬರಿಸುವುದು) ಮಾಡಿಕೊಡ್ತೀವಿ ಅಂತ ಯಾರಾದರೂ ಹೇಳಿದರೆ, ಬಿಸಿ ರಾಸಾಯನಿಕದಲ್ಲಿ ಮುಳುಗಿಸುವ ವಿಧಾನವಾ ಅಂತ ಕೇಳಿ. ಜೋಡಿ ಬ್ಯಾರೆಲ್‌ಗಳನ್ನು ಹಿಡಿದಿರುವ ಸೀಸದ ಬೆಸುಗೆಯನ್ನು ಅದು ತಿಂದುಹಾಕುತ್ತದೆ. ಸ್ಕ್ರೂಗಳ ತಂಟೆಗೂ ಹೋಗಬೇಡಿ, ಮಾಮೂಲಿ ಸ್ಕ್ರೂಡ್ರೈವರ್ ಅದರ ಸೀಳನ್ನು ಕೆಡಿಸುತ್ತದೆ.

ಮರದ ಹಿಡಿಗೆ ನಾಲ್ಕೈದು ಹನಿ ಅಗಸೆ ಎಣ್ಣೆ ಸಾಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನಾಗಿ ಕಾದು ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ.

ಇಡುವಾಗ ಚರ್ಮದ ಚೀಲದಲ್ಲಿ ಇಡಬೇಡಿ, ಎಷ್ಟೇ ಚೆಂದ ಇದ್ದರೂ ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಬೀಗ ಹಾಕುವ ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟು, ಗಾಳಿಯ ತೇವ ಶೇ 50ರ ಆಸುಪಾಸು ಇರುವ ಹಾಗೆ ನೋಡಿಕೊಳ್ಳಿ. ಸಾಧ್ಯವಾದರೆ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಇಲ್ಲದಿದ್ದರೆ ಎಣ್ಣೆ ಇಳಿದು ಹಿಡಿಯ ಮರ ಮೆತ್ತಗಾಗುತ್ತದೆ. ಕೊನೆಗೆ ಮುದ್ರೆಗಳ ಫೋಟೊ, ಸೀರಿಯಲ್ ನಂಬರ್, ಯಾರಿಂದ ಯಾರಿಗೆ ಬಂತು ಅನ್ನುವ ನಾಲ್ಕು ಸಾಲು, ಹಳೇ ಲೈಸೆನ್ಸಿನ ಪ್ರತಿ ಇವೆಲ್ಲ ಒಂದು ಲಕೋಟೆಗೆ ಹಾಕಿ. ಆದರೆ ಅದನ್ನು ಕೋವಿಗೆ ಕಟ್ಟಿಡಬೇಡಿ. ಕಾಗದ ತೇವ ಹೀರುತ್ತದೆ, ಅದು ತಾಗಿದ ಕಡೆಯೇ ಮೊದಲು ತುಕ್ಕು ಹಿಡಿಯುತ್ತದೆ.