ಶಂಖದ ಹುಳುವಿನ ನರಕೋಶವನ್ನು ತಣ್ಣಗೆ ಮಾಡಿ ನೋಡಿದ್ದು

ನನ್ನ ಪಿಎಚ್‌ಡಿಯ ಮೊದಲ ಮಳೆಗಾಲ. ಕೊಡಗಿನ ಶನಿವಾರಸಂತೆ ಕಡೆ ದೊಡ್ಡಪ್ಪನ ಕಾಫಿ ತೋಟವಿದೆ. ಅಲ್ಲಿ ಆಫ್ರಿಕನ್ ಬಸವನಹುಳುವಿನ ಕಾಟ ವಿಪರೀತ. ಊರಲ್ಲಿ ಶಂಖದ ಹುಳ ಅಂತಾರೆ. ಒಂದು ಬಕೆಟ್ ಹುಳು ಬೇಕಿತ್ತು ಅಂದಾಗ ದೊಡ್ಡಪ್ಪ ನಕ್ಕರು. "ನಾಕು ಬಕೆಟ್ ತಗೊಂಡ್ಹೋಗು ಮಗಾ. ವಾಪಸ್ ಮಾತ್ರ ತರಬೇಡ."

ಬರಿಗೈಲಿ ಮುಟ್ಟಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ. ಇಲಿಯ ಶ್ವಾಸಕೋಶದ ಜಂತು ಈ ಹುಳುವಿನ ಮೈಯಲ್ಲಿ ಇರಬಹುದು. ಅದು ಮನುಷ್ಯರಿಗೆ ಬಂದರೆ ಮಿದುಳಿನ ಪೊರೆಯೇ ಊದಿಕೊಳ್ಳುತ್ತದೆ. ಡಬ್ಬದಲ್ಲಿ ಮೊಟ್ಟೆ ಇಟ್ಟರೆ ಕುದಿಸಿಯೇ ಎಸೆಯಬೇಕು.

ಇದೇ ಹುಳು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಇದರ ಕೆಲವು ನರಕೋಶಗಳು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ದೊಡ್ಡವು. ಸಾಧಾರಣ ಮೈಕ್ರೋಸ್ಕೋಪಿನಲ್ಲೇ ಕಿತ್ತಳೆ ಬಣ್ಣದ ಕಾಳುಗಳ ಹಾಗೆ ಒಂದೊಂದಾಗಿ ಕಾಣುತ್ತವೆ. ಜೊತೆಗೆ, ಇದಕ್ಕೆ ನಮ್ಮ ಹಾಗೆ 37 ಡಿಗ್ರಿಯ ಮೈಬಿಸಿ ಇಲ್ಲ. ಹೊರಗೆ ಎಷ್ಟೋ ಒಳಗೂ ಹೆಚ್ಚುಕಡಿಮೆ ಅಷ್ಟೇ. ಡಿಸೆಂಬರಿನ ಬೆಳಗಿನ ಚಳಿಯಲ್ಲೂ ಏಪ್ರಿಲ್ ಸೆಕೆಯಲ್ಲೂ ಅದೇ ನರಗಳು ಕೆಲಸ ಮಾಡಬೇಕು ಅಲ್ವಾ? ಹೇಗೆ ಮಾಡುತ್ತವೆ ಅನ್ನೋದೇ ನನ್ನ ಪ್ರಶ್ನೆ.

ವಿಧಾನ ಬಾಯಲ್ಲಿ ಹೇಳಲು ಸುಲಭ. ಹುಳುವಿಗೆ ಮೆಗ್ನೀಸಿಯಂ ಕ್ಲೋರೈಡ್ ಚುಚ್ಚಿ ಮಂಪರು ಬರಿಸಬೇಕು. ಅನ್ನನಾಳದ ಸುತ್ತ ಇರುವ ನರಗಂಟುಗಳನ್ನು ಬಿಡಿಸಿ, ಸಲೈನ್ ತುಂಬಿದ ಪುಟ್ಟ ತಟ್ಟೆಯಲ್ಲಿ ಪಿನ್ ಮಾಡಬೇಕು. ಮೇಲಿನ ಪೊರೆ ನೋಡಲು ತೆಳು, ಬಿಡಿಸಲು ಮಹಾ ಗಟ್ಟಿ. ನನ್ನ ಮೊದಲ ಹನ್ನೊಂದು ಹುಳು ಅಲ್ಲೇ ಹಾಳಾದವು. ಆಮೇಲೆ ಗಾಜಿನ ಎಲೆಕ್ಟ್ರೋಡ್. ಕೊಳವೆಯನ್ನು ಕಾಯಿಸಿ ಎಳೆದು ಚೂಪು ಮಾಡಿ, ಒಳಗೆ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ತುಂಬಿದ್ದು. ಅದು ಕೋಶದೊಳಗೆ ಹೋದ ಕ್ಷಣ ಪರದೆ ಮೇಲಿನ ಗೆರೆ ಸೊನ್ನೆಯಿಂದ ಮೈನಸ್ 50 ಮಿಲಿವೋಲ್ಟಿನ ಹತ್ತಿರಕ್ಕೆ ದಬಕ್ಕನೆ ಬೀಳುತ್ತದೆ. ಕೋಶದ ವೋಲ್ಟೇಜ್ ಒಮ್ಮೆಲೇ ಏರಿ ಇಳಿದಾಗಲೆಲ್ಲ ಸ್ಪೀಕರಿನಲ್ಲಿ ಟಪ್, ಟಪ್. ಆ ಏರಿಳಿತಕ್ಕೇ ಸ್ಪೈಕ್ ಅನ್ನೋದು. ತಟ್ಟೆಯ ಕೆಳಗೆ ಪೆಲ್ಟಿಯರ್ ಫಲಕ. ಕರೆಂಟು ಕೊಟ್ಟರೆ ತಣ್ಣಗಾಗುತ್ತದೆ, ದಿಕ್ಕು ಬದಲಿಸಿದರೆ ಬಿಸಿಯಾಗುತ್ತದೆ.

ಮೊದಲ ತಿಂಗಳಲ್ಲೇ ಚೆಂದದ ಫಲಿತಾಂಶ ಬಂತು. ತಟ್ಟೆ ತಣ್ಣಗಾಗುತ್ತಾ ಹೋದ ಹಾಗೆ ಕೋಶದ ವೋಲ್ಟೇಜ್ ಅಳತೆಗೋಲು ಇಟ್ಟು ಎಳೆದ ಹಾಗೆ ನೇರವಾಗಿ ಸರಿಯುತ್ತಿತ್ತು. ನಾನು ಗ್ರಾಫ್ ಬರೆದು ಗೋಡೆಗೆ ಅಂಟಿಸಿದೆ. ಲ್ಯಾಬಿನ ಸೀನಿಯರ್ ಅಕ್ಕ ಒಬ್ಬರು ಕಾಫಿ ಹಿಡಿದುಕೊಂಡೇ ನೋಡಿ, "ಕೋಶ ಇಲ್ಲದೆ ಮಾಡಿ ನೋಡಿದ್ಯಾ?" ಅಂದರು.

ಮಾಡಿರಲಿಲ್ಲ. ಎಲೆಕ್ಟ್ರೋಡನ್ನು ಕೋಶದಿಂದ ಹೊರಗೆ ತೆಗೆದೆ. ಖಾಲಿ ಸಲೈನಿನಲ್ಲಿ ಬಿಟ್ಟು 26ರಿಂದ 14 ಡಿಗ್ರಿಗೆ ಇಳಿಸಿದೆ. ಗೆರೆ ಅದೇ ಥರ, ಅಷ್ಟೇ ನೇರವಾಗಿ ಸರಿಯಿತು! ಕೋಶವೇ ಇಲ್ಲ, 'ಕೋಶದ ಉತ್ತರ' ಮಾತ್ರ ಬರ್ತಾ ಇದೆ. ತಪ್ಪು ಇದ್ದದ್ದು ತಟ್ಟೆಯೊಳಗೆ ಕೂತಿದ್ದ ರೆಫರೆನ್ಸ್ ತಂತಿಯಲ್ಲಿ, ಅಂದರೆ ಎಲೆಕ್ಟ್ರೋಡಿನ ವೋಲ್ಟೇಜನ್ನು ಯಾವುದಕ್ಕೆ ಹೋಲಿಸಿ ಅಳೆಯುತ್ತೇವೋ ಅದರಲ್ಲಿ. ಬೆಳ್ಳಿಗೆ ಸಿಲ್ವರ್ ಕ್ಲೋರೈಡ್ ಲೇಪಿಸಿದ ಆ ತಂತಿಯ ವೋಲ್ಟೇಜ್ ತಾಪಮಾನದ ಜೊತೆ ಬದಲಾಗುತ್ತದೆ. ಅದೂ ತಣ್ಣಗಾಗುತ್ತಿತ್ತು, ನಾನು ಅದನ್ನೇ ಅಳೆಯುತ್ತಿದ್ದೆ. ಆಮೇಲೆ ತಂತಿಯನ್ನು ಪಕ್ಕದ ಬೇರೆ ಬಟ್ಟಲಿಗೆ ಹಾಕಿ, ಅಗರ್ ತುಂಬಿದ ಕೊಳವೆಯಿಂದ ತಟ್ಟೆಗೆ ಸೇತುವೆ ಕಟ್ಟಿದೆ. ಗೋಡೆಯ ಗ್ರಾಫ್ ಕಿತ್ತು ಹಾಕಿದೆ.

ಇನ್ನೊಂದು ಏಟು ಬಫರಿನಿಂದ ಬಿತ್ತು. ಸಲೈನಿನ ಪಿಎಚ್, ಅಂದರೆ ಹುಳಿ-ಕ್ಷಾರದ ಮಟ್ಟ, ಹೆಚ್ಚುಕಡಿಮೆ ಆಗದ ಹಾಗೆ ಹಿಡಿಯಲು ಹಾಕುವ ರಾಸಾಯನಿಕವೇ ಬಫರ್. ನಾನು ಬಳಸುತ್ತಿದ್ದುದು ಟ್ರಿಸ್. ಅದರ ಪಿಎಚ್ ಒಂದು ಡಿಗ್ರಿ ತಣ್ಣಗಾದರೆ ಸುಮಾರು 0.03 ಏರುತ್ತದೆ. 12 ಡಿಗ್ರಿ ಇಳಿಸಿದರೆ 0.3ಕ್ಕೂ ಜಾಸ್ತಿ. ಅಂದರೆ ಚಳಿ ಕೊಡುತ್ತಿದ್ದೇನೆ ಅಂದುಕೊಂಡು ಪಿಎಚ್ ಕೂಡ ಬದಲಿಸುತ್ತಿದ್ದೆ. ಹೆಪಿಸ್‌ಗೆ ಬದಲಾಯಿಸಿದ ಮೇಲೆ ಈ ಏರಿಕೆ ಅರ್ಧಕ್ಕೆ ಇಳಿಯಿತು. ಥರ್ಮಾಮೀಟರ್ ತಟ್ಟೆಯ ತಳದಲ್ಲಿ ಇಟ್ಟಿದ್ದೂ ತಪ್ಪೇ. ತಳಕ್ಕೂ ನರಗಂಟಿಗೂ ಎರಡು ಡಿಗ್ರಿ ವ್ಯತ್ಯಾಸ ಇತ್ತು.

ಇಷ್ಟೆಲ್ಲ ಸರಿ ಮಾಡಿದ ಮೇಲೆ ಉಳಿದದ್ದು ನಿಜವಾಗಿ ಕೋಶದ್ದು. ಎಲ್ಲಕ್ಕಿಂತ ಎದ್ದು ಕಂಡಿದ್ದು ಸ್ಪೈಕಿನ ಅಗಲ. ಒಂದು ಕೋಶದಲ್ಲಿ 26 ಡಿಗ್ರಿಗೆ 8 ಮಿಲಿಸೆಕೆಂಡ್ ಇದ್ದದ್ದು 16 ಡಿಗ್ರಿಗೆ 17 ಆಯಿತು. ಹತ್ತು ಡಿಗ್ರಿಗೆ ಎರಡು ಪಟ್ಟು ಚಿಲ್ಲರೆ. ಹತ್ತು ಡಿಗ್ರಿಗೆ ಎಷ್ಟು ಪಟ್ಟು ಅನ್ನುವ ಈ ಲೆಕ್ಕಕ್ಕೇ ಕ್ಯೂ-ಟೆನ್ ಅನ್ನೋದು. ಪೊರೆಯಲ್ಲಿರುವ ಅಯಾನು ಬಾಗಿಲುಗಳು ತೆರೆಯಲು, ಮುಚ್ಚಲು ಚಳಿಯಲ್ಲಿ ಹೊತ್ತು ತೆಗೆದುಕೊಳ್ಳುತ್ತವೆ. ವೋಲ್ಟೇಜನ್ನು ಕೆಳಗಿಳಿಸುವ ಪೊಟ್ಯಾಸಿಯಂ ಬಾಗಿಲು ತಡವಾದಷ್ಟೂ ಸ್ಪೈಕ್ ಅಗಲ. ಹಾಡ್ಜ್‌ಕಿನ್ ಮತ್ತು ಕಾಟ್ಜ್ 1949ರಲ್ಲಿ ಸ್ಕ್ವಿಡ್‌ನ ದಪ್ಪ ನರದಲ್ಲಿ ಇದನ್ನೇ ತೋರಿಸಿದ್ದರು. ಹೊಸದೇನಲ್ಲ, ಆದರೂ ನನ್ನ ತಟ್ಟೆಯಲ್ಲಿ ಕಂಡಾಗ ಖುಷಿಯಾಯಿತು. ಸ್ಪೀಕರಿನ ಟಪ್‌ಟಪ್ ಕೂಡ ಮಳೆ ನಿಂತ ಮೇಲೆ ಸೂರಿನಿಂದ ಬೀಳುವ ಹನಿಯ ಹಾಗೆ ನಿಧಾನವಾಗುತ್ತಿತ್ತು.

ಒಂದು ಕೋಶ ಮಾತ್ರ ಉಲ್ಟಾ. ಕೋಣೆಯ ಶಾಖದಲ್ಲಿ ಸುಮ್ನೆ ಕೂತಿದ್ದದ್ದು, 17 ಡಿಗ್ರಿಗೆ ಇಳಿದಾಗ ಟಪ್‌ಟಪ್ ಅನ್ನಲು ಶುರು ಮಾಡಿತು. ಮೊದಲು ಎಲೆಕ್ಟ್ರೋಡ್ ಸರಿದು ಕೋಶ ಗಾಯವಾಗಿದೆ ಅಂದುಕೊಂಡೆ. ಬಿಸಿ ಮಾಡಿದರೆ ಮತ್ತೆ ಸುಮ್ಮನಾಯಿತು. ಗಾಯವಾಗಿದ್ದರೆ ಹೀಗೆ ಹೋಗಿ ಬಂದು ಮಾಡುವುದಿಲ್ಲ. ಗೈಡ್ ಹೇಳಿದರು, ಪಂಪ್ ನೋಡು ಅಂತ. ಪೊರೆಯ ಸೋಡಿಯಂ ಪಂಪ್ ಮೂರು ಸೋಡಿಯಂ ಹೊರಗೆ ಹಾಕಿ ಎರಡೇ ಪೊಟ್ಯಾಸಿಯಂ ಒಳಗೆ ತರುತ್ತದೆ. ಹಾಗಾಗಿ ಅದು ಓಡುತ್ತಿರುವಷ್ಟು ಹೊತ್ತು ಕೋಶದ ಒಳಭಾಗವನ್ನು ಇನ್ನಷ್ಟು ಮೈನಸ್ ಕಡೆ ಎಳೆದು ಹಿಡಿದಿರುತ್ತದೆ. ಚಳಿಗೆ ಪಂಪ್ ನಿಧಾನವಾದರೆ ಆ ಹಿಡಿತ ಸಡಿಲ, ಕೋಶ ಟಪ್‌ಟಪ್ ಅನ್ನಲು ಶುರು. 1968ರಲ್ಲಿ ಕಾರ್ಪೆಂಟರ್ ಮತ್ತು ಆಲ್ವಿಂಗ್ ಅಪ್ಲೀಸಿಯಾ ಎಂಬ ಕಡಲ ಬಸವನಹುಳುವಿನ ನರಕೋಶದಲ್ಲಿ ಪಂಪಿನ ಈ ಪಾತ್ರ ತೋರಿಸಿದ್ದರು. ನಾನು ಪಂಪ್ ನಿಲ್ಲಿಸುವ ಊಬೇನ್ ಹಾಕಿ ನೋಡಿದೆ. ಕೋಣೆಯ ಶಾಖದಲ್ಲೇ ಕೋಶ ಟಪ್‌ಟಪ್ ಅನ್ನತೊಡಗಿತು.

ಅದರ ಪಕ್ಕದ ಕೋಶ ಅದೇ 17 ಡಿಗ್ರಿಯಲ್ಲಿ ಪೂರ್ತಿ ತೆಪ್ಪಗಾಗಿತ್ತು. ಎರಡರ ಸರಾಸರಿ ತೆಗೆದಿದ್ದರೆ ಚಳಿಯಿಂದ ಏನೂ ಆಗಲಿಲ್ಲ ಅಂತ ಬರೆಯಬೇಕಿತ್ತು! ಹಾಗಾಗಿ ಈಗ ಪ್ರತಿ ಕೋಶಕ್ಕೂ ನೋಟ್‌ಬುಕ್ಕಿನಲ್ಲಿ ಬೇರೆ ಪುಟ ಇಟ್ಟಿದ್ದೇನೆ. ಮೊದಲ ಸಾಲು ಮಾತ್ರ ಎಲ್ಲ ಪುಟದಲ್ಲೂ ಒಂದೇ: ಖಾಲಿ ಸಲೈನಿನಲ್ಲಿ ಗೆರೆ ಎಷ್ಟು ಸರಿಯಿತು.